ಶಿದ್ರಾಮ ಹೆಣವಾಗಿ ಕುಳಿತದ್ದು

ಶಿದ್ರಾಮ ಜಾನಪದ ತಜ್ಞನಾದದ್ದು ಒಂದು ಫೋಟೋದಿಂದ. ಗೋಕಾಕದ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಗಾಜಿನ ಕೊಳವೆಗಳನ್ನು ತೊಳೆದಿಡುವುದು ಅವನ ನೌಕರಿ. ಕಾಲೇಜಿನ ಸಮಾರಂಭಕ್ಕೆ ಡೊಳ್ಳಿನ ಮೇಳ ಬಂದ ದಿನ ಮೇಳದವನೊಬ್ಬ ಚಹಾ ಕುಡಿಯಲು ಹೋದ. ಅವನ ಡೊಳ್ಳನ್ನು ಹೊತ್ತು ವೇದಿಕೆ ದಾಟಿಸಿದವನು ಶಿದ್ರಾಮ. ಅಷ್ಟರಲ್ಲಿ ಯಾರೋ ಫೋಟೋ ಹೊಡೆದರು. ಮರುದಿನದ ಪತ್ರಿಕೆಯಲ್ಲಿ ಅದರ ಕೆಳಗೆ ‘ಹಿರಿಯ ಡೊಳ್ಳು ಕಲಾವಿದ’ ಎಂದು ಅಚ್ಚಾಗಿತ್ತು. ತಪ್ಪು ಪತ್ರಿಕೆಯವರದು. ಅದನ್ನು ತಿದ್ದುವುದು ಸೌಜನ್ಯವಲ್ಲ ಎಂದು ಶಿದ್ರಾಮ ಸುಮ್ಮನಾದ. ಸುಮ್ಮನಾದವನು ಸುಮ್ಮನಿರದೆ ವಿಸಿಟಿಂಗ್ ಕಾರ್ಡನ್ನೂ ಮಾಡಿಸಿದ.

ಹಾಲುಮತದ ಕುರುಬ ಮನೆತನದಲ್ಲಿ ಹುಟ್ಟಿದ್ದರಿಂದ ಡೊಳ್ಳು, ಕಂಬಳಿ, ಭಂಡಾರ ಎಲ್ಲವೂ ತನ್ನ ರಕ್ತದಲ್ಲೇ ಇವೆ ಎಂದು ಅವನು ಹೇಳುತ್ತಿದ್ದ. ರಕ್ತದಲ್ಲಿ ಇದ್ದಿರಬಹುದು, ಕೈಗೆ ಮಾತ್ರ ಇಳಿದಿರಲಿಲ್ಲ. ಕುರಿ ಮೇಯಿಸುವುದು, ಕಬ್ಬಿಗೆ ನೀರು ಹಾಯಿಸುವುದು, ಎಮ್ಮೆ ಹಿಂಡುವುದು ಹೆಂಡತಿ ಯಲ್ಲಕ್ಕನ ಪಾಲಿಗೆ ಬಂದಿದ್ದವು. ಶಿದ್ರಾಮನ ಪಾಲಿಗೆ ಸಂಸ್ಕೃತಿ ಬಂದಿತ್ತು. ಕೊಣ್ಣೂರಿನಿಂದ ಸ್ವಲ್ಪ ಆಚೆಗಿರುವ ಅವರ ಊರಿನಲ್ಲಿ ಈ ಹಂಚಿಕೆಯನ್ನು ಯಾರೂ ಪ್ರಶ್ನಿಸಿರಲಿಲ್ಲ.

ಹೀಗಿರುವಾಗ ಆಮ್ರಪಾಲಿ ಎಂಬ ಸಂಶೋಧಕಿ ಬಂದರು. ಹುಕ್ಕೇರಿಯವರು, ಮಾನವಶಾಸ್ತ್ರ ಓದಿದವರು. ಸತ್ತವರ ಮುಂದೆ ಕುಳಿತು ಹೆಂಗಸರು ಹಾಡಿಕೊಂಡು ಅಳುತ್ತಾರಲ್ಲ, ಅದರ ಮೇಲೆ ಅವರ ಅಧ್ಯಯನ. ಮಗಳ ಅಳುವಿಗೂ ಸೊಸೆಯ ಅಳುವಿಗೂ ಏನು ಭೇದ, ಯಾವ ನುಡಿಯ ನಂತರ ಉಸಿರು ಎಳೆಯುತ್ತಾರೆ, ಯಾರು ಮೊದಲು ಅಳಬೇಕು, ಇಂಥವು ಅವರ ಪ್ರಶ್ನೆಗಳು. ಹುಕ್ಕೇರಿಯಲ್ಲಿ ಒಂದು ವಿಚಾರ ಸಂಕಿರಣವಿತ್ತು. ಅಲ್ಲಿ ರೆಕಾರ್ಡಿಂಗ್ ತೋರಿಸಿ ಮಾತನಾಡಬೇಕಾಗಿತ್ತು.

“ನಮ್ಮ ಚಿಗವ್ವ ಭರಮವ್ವನ ಹಂಗ ಅಳಾವ್ರು ಇಡೀ ತಾಲೂಕಿನ್ಯಾಗ ಇಲ್ರಿ ಮೇಡಮ್ಮರ,” ಎಂದ ಶಿದ್ರಾಮ. “ನಾ ಅಳಸ್ತೇನಿ. ನನಗೇನೂ ಬ್ಯಾಡ. ಅಲ್ಲಿ ಸ್ಟೇಜಿನ ಮ್ಯಾಲ ಒಂದು ಕುರ್ಚಿ ಸಿಕ್ರ ಸಾಕು.”

“ಹಾಡಾವ್ರು ಒಪ್ಪಲಿ, ರೆಕಾರ್ಡಿಂಗ್ ಚಲೋ ಆಗಲಿ, ಆಮ್ಯಾಲ ನೋಡೋಣ್ರಿ,” ಎಂದರು ಆಮ್ರಪಾಲಿ.

‘ನೋಡೋಣ’ ಎಂದರೆ ಆಯಿತು ಎಂದೇ ಶಿದ್ರಾಮ ತಿಳಿದ. ಸಂಜೆಯೊಳಗೆ ಕುರ್ಚಿಯ ಸುದ್ದಿಯನ್ನು ಓಣಿಗೆಲ್ಲ ಮುಟ್ಟಿಸಿದ; ಅಳುವಿನ ಮಾತನ್ನು ಮಾತ್ರ ಎತ್ತಲಿಲ್ಲ. ಊರಿನ ಎಲ್ಲ ವೇದಿಕೆಗಳ ಮೇಲೂ ಕುಳಿತು ಸವೆದುಹೋಗಿದ್ದ ಪಂಚಾಯತಿ ಸದಸ್ಯ ಹೊಳೆಪ್ಪ ಮೀಸೆಯಲ್ಲೇ ನಕ್ಕ. ದೊಡ್ಡಪ್ಪನ ಮಗ ಮಾಲಿಂಗ ಬಾಯಿ ಬಿಟ್ಟೇ ನಕ್ಕು, “ಕುರ್ಚಿ ಒರಸಾಕ ಕರದಿರಬೇಕು ನೋಡ ತಮ್ಮಾ,” ಎಂದ. ಇನ್ನು ರೆಕಾರ್ಡಿಂಗ್ ಆಗದೇ ಹೋದರೆ ಓಣಿಯಲ್ಲಿ ಮುಖ ಎತ್ತಿ ತಿರುಗುವ ಹಾಗಿರಲಿಲ್ಲ.

ಹೇಳಿದ ದಿನ ಆಮ್ರಪಾಲಿ ಕ್ಯಾಮೆರಾ ಹಿಡಿದು ಬಂದರು. ಯಲ್ಲಕ್ಕ ಟಗರು ಮಾರಲು ಮೂಡಲಗಿ ಸಂತೆಗೆ ಹೋಗಿದ್ದಳು. ಭರಮವ್ವ ಪಡಸಾಲೆಗೆ ಬಂದು, ಸೆರಗು ಸರಿಮಾಡಿಕೊಂಡು, ನಾಲ್ಕೂ ಕಡೆ ನೋಡಿದಳು.

“ಹೆಣ ಎಲ್ಲೈತಿ?”

“ಹೆಣ ಇಲ್ಲ ಚಿಗವ್ವಾ. ಸುಮ್ನ ಹಾಡು.”

“ಸುಮ್ನ ಹಾಡಾಕ ಇದೇನ ಸೋಬಾನ ಪದಾನ? ಮುಂದ ಮಾರಿ ಕಾಣಬೇಕು. ಮಾರಿ ನೋಡಿದ್ರ ಅವ ಮಾಡಿದ್ದು ನೆನಪಾಗತೈತಿ, ನೆನಪಾದ್ರ ನುಡಿ ಬರ್ತಾವ. ಖಾಲಿ ಗ್ವಾಡಿ ನೋಡಿ ಯಾರರ ಅಳ್ತಾರೇನು?”

“ಆಯೀ ಹೇಳೂದು ಖರೆ ಐತಿ,” ಎಂದರು ಆಮ್ರಪಾಲಿ. “ಬ್ಯಾಡ ಬಿಡ್ರಿ. ನಾ ಅವರ ಜೋಡಿ ಬರೇ ಮಾತಾಡ್ತೇನಿ.”

ಬರೇ ಮಾತಾಡಿದರೆ ರೆಕಾರ್ಡಿಂಗ್ ಎಲ್ಲಿಂದ ಬಂತು, ಕುರ್ಚಿ ಎಲ್ಲಿಂದ ಬಂತು? ಶಿದ್ರಾಮನಿಗೆ ಮಾಲಿಂಗನ ತೆರೆದ ಬಾಯಿ ಕಣ್ಣ ಮುಂದೆ ಬಂತು. “ನಾನ ಕುಂಡ್ರತೇನಿ,” ಎಂದುಬಿಟ್ಟ.

ಅವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಗೋಡೆಗೆ ಆನಿಸಿ ಕುಳ್ಳಿರಿಸುತ್ತಾರೆ. ಆಮ್ರಪಾಲಿ ಬೇಡವೆಂದರು, ಮನೆಯವರಿಲ್ಲದಾಗ ಇಂಥದ್ದು ಸರಿಯಲ್ಲವೆಂದರು. ಶಿದ್ರಾಮ ಅಷ್ಟರಲ್ಲಿ ಕಂಬಳಿ ಹಾಸಿ ಗೋಡೆಗೆ ಆತು ಕುಳಿತಿದ್ದ. ಭರಮವ್ವ ಯಾವ ಕೆಲಸವನ್ನೂ ಅರ್ಧಕ್ಕೆ ಬಿಡುವವಳಲ್ಲ. ಹಣೆಗೆ, ಕೆನ್ನೆಗೆ ಭಂಡಾರದ ಅರಿಶಿನ ಬಳಿದಳು, ತಲೆಗೆ ರುಮಾಲು ಸುತ್ತಿದಳು, ಎರಡೂ ಹೆಬ್ಬೆರಳು ಕೂಡಿಸಿ ದಾರದಿಂದ ಕಟ್ಟಿದಳು. ಕೊನೆಗೆ ಗದ್ದದ ಕೆಳಗಿಂದ ಒಂದು ಬಟ್ಟೆ ತಂದು ನೆತ್ತಿಯ ಮೇಲೆ ಬಿಗಿದು ಗಂಟು ಹಾಕಿದಳು.

“ಇದ್ಯಾಕ ಆಯೀ?” ಎಂದರು ಆಮ್ರಪಾಲಿ.

“ಬಾಯಿ ಕಟ್ಟದ ಹೆಣ ನಾ ನೋಡಿಲ್ಲ.”

ಊರಿನವರು ಬಹಳ ದಿನಗಳಿಂದ ಬಯಸುತ್ತಿದ್ದ ಕೆಲಸ ಹೀಗೆ ನೆರವೇರಿತು. “ಒಂದೆರಡು ನುಡಿ ಸಾಕ್ರಿ,” ಎಂದು ಆಮ್ರಪಾಲಿ ಅರೆಮನಸ್ಸಿನಿಂದ ಕ್ಯಾಮೆರಾ ಹಚ್ಚಿ ಹೆಡ್‌ಫೋನು ಹಾಕಿಕೊಂಡರು. ಭರಮವ್ವ ಶಿದ್ರಾಮನ ಮುಖವನ್ನು ಒಂದು ಗಳಿಗೆ ದಿಟ್ಟಿಸಿ ನೋಡಿ, ಕಣ್ಣು ಮುಚ್ಚಿ, ದನಿ ಎತ್ತಿದಳು.

“ಎದ್ದು ಬಾರೋ ನನ ಕೂಸ ಶಿದ್ರಾಮಾ,
ಎತ್ತಿ ಆಡಿಸಿದ ಕೈ ಬರಿದಾತೋ...
ಓಣಿಗೆ ದೀಪಾಗಿ ಉರದಿದ್ಯೋ ನನ ಮಗನಾ,
ಯಾವ ಗಾಳಿ ಬಂದು ಆರಿಸ್ತೋ...”

ಶಿದ್ರಾಮನ ಮೈ ಜುಮ್ಮೆಂದಿತು. ತಾನು ಇಷ್ಟು ಒಳ್ಳೆಯವನೆಂದು ಅವನಿಗೆ ಯಾರೂ ಈ ಮೊದಲು ಹೇಳಿರಲಿಲ್ಲ. ಇನ್ನೂ ನಾಲ್ಕು ನುಡಿ ಬರಲಿ ಎಂದು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಕುಳಿತ.

ಆದರೆ ಭರಮವ್ವನ ದನಿಗೆ ಪಡಸಾಲೆ ಸಾಲುತ್ತಿರಲಿಲ್ಲ. ಅದು ಓಣಿಗೆ ಹೋಯಿತು. ಓಣಿಯಲ್ಲಿ ಒಂದು ಕಟ್ಟಳೆ ಇದೆ: ಅಳು ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿ ಬರಬೇಕು. ಬಂದ ಹೆಂಗಸು ಮೊದಲು ಕುಳಿತು, ಅಳುವವಳ ಕೊರಳು ಅಪ್ಪಿ, ತನಗೂ ಸತ್ತವನಿಗೂ ಇದ್ದ ಸಂಬಂಧವನ್ನು ಹಾಡಿ ಅಳಬೇಕು. ಏನಾಗಿತ್ತು, ಯಾವಾಗ ಹೋದ ಎಂದು ಕೇಳುವುದೆಲ್ಲ ಆಮೇಲೆ. ಈ ಕಟ್ಟಳೆಯ ಬಗ್ಗೆ ಆಮ್ರಪಾಲಿ ಒಂದು ದೊಡ್ಡ ಲೇಖನವನ್ನೇ ಬರೆದಿದ್ದರು. ಈಗ ಅದು ಬಾಗಿಲಲ್ಲಿ ನುಗ್ಗಿ ಬಂತು.

ಮೊದಲು ಬಂದವಳು ಬಾಜೂ ಮನೆಯ ಗೌರವ್ವ. ರೊಟ್ಟಿ ತಟ್ಟುತ್ತಿದ್ದ ಹಿಟ್ಟಿನ ಕೈಯಲ್ಲೇ ಬಂದು ಭರಮವ್ವನನ್ನು ಅಪ್ಪಿದಳು.

“ಇಸ್ತ್ರಿ ಪೆಟ್ಟಿಗಿ ಒಯ್ದಿದ್ಯಲ್ಲೋ ನಮ್ಮಣ್ಣಾ,
ಎಲ್ಲಿಟ್ಟಿ ಅಂತ ಹೇಳದ ಹೋದ್ಯಲ್ಲೋ...
ನಾಳಿ ತರತೇನಿ ಅಂದಿದ್ಯೋ ನಮ್ಮಣ್ಣಾ,
ನಿನ್ನ ನಾಳಿ ಬರಲೇ ಇಲ್ಲಲ್ಲೋ...”

ಅವಳ ಹಿಂದೆ ಇನ್ನೊಬ್ಬಳು ಬಂದು ಏಣಿಯನ್ನು ನೆನೆದು ಅತ್ತಳು. ಮತ್ತೊಬ್ಬಳು ಮದುವೆಗೆಂದು ಒಯ್ದ ದೊಡ್ಡ ಪಾತೇಲಿಯನ್ನು ನೆನೆದು ಅತ್ತಳು. ಓಣಿಯಲ್ಲಿ ಕಳೆದುಹೋಗಿದ್ದ ಸಾಮಾನುಗಳಿಗೆಲ್ಲ ಒಂದೊಂದಾಗಿ ವಿಳಾಸ ಸಿಗತೊಡಗಿತು. ಏಣಿ ತಾನು ಒಯ್ದದ್ದಲ್ಲ, ಮಾಲಿಂಗ ಒಯ್ದದ್ದು ಎಂದು ಹೇಳಲು ಶಿದ್ರಾಮನ ನಾಲಿಗೆ ಒಳಗೇ ತುಡಿಯಿತು, ಬಾಯಿ ಮಾತ್ರ ತೆರೆಯಲಿಲ್ಲ.

ಆಮ್ರಪಾಲಿ ಎದ್ದು ನಿಂತು ಕೂಗಿದರು: “ಸತ್ತಿಲ್ರಿ! ಇವರು ಸತ್ತಿಲ್ರಿ!”

ಸಾವಿನ ಮನೆಯಲ್ಲಿ ಈ ಮಾತನ್ನು ಯಾರಾದರೊಬ್ಬರು ಕೂಗಿಯೇ ಕೂಗುತ್ತಾರೆ. ಗೌರವ್ವ ಅವರ ಕೊರಳಿಗೂ ಜೋತುಬಿದ್ದಳು. “ಹೌದ ನಮ್ಮವ್ವಾ, ಸತ್ತಿಲ್ಲ. ನಮ್ಮ ಕಣ್ಣಾಗ ಅದಾನ. ಸಮಾಧಾನ ಮಾಡ್ಕೊ. ನೀ ಯಾರ ಪೈಕಿ?”

“ನಾ ಯಾರ ಪೈಕಿನೂ ಅಲ್ರಿ, ನಾ ಸಂಶೋಧನಾಕ್ಕ...”

“ಅಳು, ಅತ್ತು ಹಗುರಾಗು.” ಹೆಡ್‌ಫೋನಿನ ವಯರು ಗೌರವ್ವನ ಬಳೆಗಳಿಗೆ ಸಿಕ್ಕಿ, ಸಂಶೋಧಕಿಯೂ ನೆರೆಯವಳೂ ಒಂದೇ ಕಡೆ ಬಿಗಿದುಕೊಂಡರು; ಓಡುತ್ತಿದ್ದ ಕ್ಯಾಮೆರಾ ನಿಲ್ಲಿಸುವವರಿರಲಿಲ್ಲ. ಖರೆ ಹೇಳಬಲ್ಲವಳು ಭರಮವ್ವ ಒಬ್ಬಳೇ. ಅವಳು ಕಣ್ಣು ಮುಚ್ಚಿ ಅಳುವಿನ ನಡುಮಧ್ಯದಲ್ಲಿದ್ದಳು. ನಡುವೆ ನಿಲ್ಲಿಸುವ ಅಭ್ಯಾಸ ಅವಳಿಗಿರಲಿಲ್ಲ.

ಹೆಣವೇ ಕಣ್ಣು ಬಿಟ್ಟಿದ್ದರೂ ಮುಗಿಯುತ್ತಿತ್ತಲ್ಲ ಎಂದು ಓದುಗರು ಕೇಳಬಹುದು. ಶಿದ್ರಾಮ ಬಿಡಬೇಕೆಂದೇ ಇದ್ದ. ಅಷ್ಟರಲ್ಲಿ ಬಾಗಿಲ ಹತ್ತಿರ ಮಾಲಿಂಗನ ದನಿ, ಅದರ ಹಿಂದೆ ಹೊಳೆಪ್ಪನ ಕೆಮ್ಮು ಕೇಳಿತು. ಈಗ ಎದ್ದರೆ ನಗೆಪಾಟಲು. ಮಂದಿ ಸ್ವಲ್ಪ ಕಡಿಮೆಯಾಗಲಿ, ಆಮೇಲೆ ಮೆಲ್ಲಗೆ ಎದ್ದರಾಯಿತು ಎಂದು ಲೆಕ್ಕ ಹಾಕಿದ. ಸಾವಿನ ಮನೆಯಲ್ಲಿ ಮಂದಿ ಕಡಿಮೆಯಾಗುವುದು ಹೆಣ ಎತ್ತಿದ ಮೇಲೆಯೇ ಎಂಬುದು ಈ ಜಾನಪದ ತಜ್ಞನಿಗೆ ಹೊಳೆಯಲಿಲ್ಲ.

ಹೊರಗೆ ಕಟ್ಟೆಯ ಮೇಲೆ ಮಾಲಿಂಗ ಜವಾಬ್ದಾರಿ ವಹಿಸಿಕೊಂಡಿದ್ದ. “ಹಲೋ, ನಮ್ಮ ಶಿದ್ರಾಮ ಹೋದ. ಹೌದ್ರಿ, ಕುಂತಲ್ಲೇ ಹೋದ. ಮಾರಿ ನೋಡಿದ್ರ ಜೀವ ಐತಿ ಅನಸ್ತೈತ್ರಿ.” ಗೋಕಾಕಕ್ಕೆ ಹೇಳಿದ, ಹುಕ್ಕೇರಿಯ ನೆಂಟರಿಗೆ ಹೇಳಿದ. ಹತ್ತರಗಿಗೆ ಕೊಟ್ಟಿದ್ದ ಮಗಳು ಮಾಯಾಳ ಫೋನು ಬಂದ್ ಇತ್ತು; ಈ ಸುದ್ದಿಯಿಂದ ಅವಳೊಬ್ಬಳಾದರೂ ಉಳಿದಳು. ಕಾಲೇಜಿಗೆ ಹೇಳಿದಾಗ ಅಲ್ಲಿ ಕೂಡಲೇ ರಜೆ ಸಾರಿದರು. ವಿದ್ಯಾರ್ಥಿಗಳಿಗೆ ಅಗಲಿದ ನೌಕರನ ಮೇಲೆ ಅಷ್ಟು ಪ್ರೀತಿ ಹಿಂದೆಂದೂ ಉಕ್ಕಿರಲಿಲ್ಲವಂತೆ.

ಒಳಗೆ ಹೊಳೆಪ್ಪ ಹಾರ ಹಿಡಿದು ನಿಂತು, ಅಳುವವರನ್ನು ಕೈ ಎತ್ತಿ ನಿಲ್ಲಿಸಿ, ಗಂಟಲು ಸರಿಮಾಡಿಕೊಂಡ. “ಶಿದ್ರಾಮ ಅವರು ಅಂದ್ರ ಅಂತಿಂಥವರಲ್ಲ. ಅವರ ಡೊಳ್ಳಿನ ದನಿ ಇನ್ನೂ ನನ್ನ ಕಿವ್ಯಾಗ ಐತಿ. ಅವರನ್ನ ಒಮ್ಮೆರ ನನ್ನ ಬಾಜೂಕ ಸ್ಟೇಜಿನ ಮ್ಯಾಲ ಕುಂಡ್ರಸಬೇಕಂತ ಭಾಳ ಆಸೆ ಇತ್ತು. ದೇವರು ಬಿಡಲಿಲ್ಲ.” ಡೊಳ್ಳಿನ ದನಿ ಎಂದೂ ಹೊರಟೇ ಇರಲಿಲ್ಲ, ಆಸೆಯೂ ಇರಲಿಲ್ಲ. ಆದರೂ ಶಿದ್ರಾಮನ ಎದೆ ತುಂಬಿತು. ಸತ್ತದ್ದು ಸಾರ್ಥಕ ಅನ್ನಿಸಿತು.

ಆಗ ಹೊರಗೆ ಟಂಟಂ ಗಾಡಿ ನಿಂತ ಸದ್ದಾಯಿತು. “ಯಲ್ಲಕ್ಕ ಬಂದ್ಳು,” ಎಂದು ಯಾರೋ ಅಂದರು.

ಮೂಡಲಗಿ ಸಂತೆಯಲ್ಲಿ ಅವಳನ್ನು ಹುಡುಕಿಸಿ ಗಾಡಿ ಹತ್ತಿಸಿದ್ದು ಮಾಲಿಂಗನ ಕರ್ತವ್ಯನಿಷ್ಠೆ. ಟಗರನ್ನು ಯಾರ ಕೈಗೋ ಒಪ್ಪಿಸಿ ಬಂದಿದ್ದಳು, ಹಗ್ಗ ಮಾತ್ರ ಕೈಯಲ್ಲೇ ಉಳಿದಿತ್ತು. ಚಪ್ಪಲಿ ಇರಲಿಲ್ಲ. ಹೆಂಗಸರು ಸರಿದು ದಾರಿ ಬಿಟ್ಟರು. ಅಳು ನಿಂತಿತು. ಹೆಂಡತಿ ಬಂದ ಮೇಲೆ ಹಾಡು ಅವಳದು, ಉಳಿದವರು ಸೊಲ್ಲು ಕೂಡಿಸುವವರು ಮಾತ್ರ. ಆಮ್ರಪಾಲಿ ಅವಳ ಕಡೆ ಬರಲು ಹೆಣಗಿದರು. ಸಂಕಟ ತಾಳದೆ ಒದ್ದಾಡುತ್ತಿದ್ದಾಳೆಂದು ಗೌರವ್ವ ಇನ್ನೂ ಬಿಗಿಯಾಗಿ ಅಪ್ಪಿ, ಅವರ ಮುಖವನ್ನು ತನ್ನ ಸೆರಗಿನಲ್ಲೇ ಮುಚ್ಚಿದಳು.

ಯಲ್ಲಕ್ಕ ಗಂಡನ ಮುಂದೆ ಕುಳಿತಳು. ಜೀವಮಾನವಿಡೀ ಗಂಡನಿಗೆ ‘ರೀ’ ಅಂದವಳು ಅಳುವಾಗ ಮಾತ್ರ ‘ನೀ’ ಎನ್ನಬಹುದು. ಅವನು ತನಗೆ ಏನು ಮಾಡಿದ, ಏನು ತಂದ, ಯಾವ ಕಷ್ಟದಲ್ಲಿ ಹೆಗಲಾದ, ಅದನ್ನು ಒಂದೊಂದು ನುಡಿ ಮಾಡಿ ಹಾಡುವುದು ಹೆಂಡತಿಯ ಅಳು. ಬೇರೆಯವರು ಸ್ವಲ್ಪ ಉಪ್ಪು ಖಾರ ಹಚ್ಚಬಹುದು. ಹೆಂಡತಿ ಮಾತ್ರ ಹೆಣದ ಮುಂದೆ ಸುಳ್ಳು ಹಾಡುವಂತಿಲ್ಲ.

“ನನ ರಾಜಾ, ನೀ ನನಗ...” ಎಂದು ದನಿ ತೆಗೆದಳು. ಅಲ್ಲೇ ನಿಂತಳು.

ಮತ್ತೆ ತೆಗೆದಳು. “ನನ ರಾಜಾ, ನೀ ನನಗ...” ಮತ್ತೆ ನಿಂತಳು.

ದುಃಖಕ್ಕೆ ಗಂಟಲು ಕಟ್ಟಿತೆಂದು ಹೆಂಗಸರು ತಿಳಿದರು. ಏಣಿಯವಳು ಕಿವಿಯ ಹತ್ತಿರ ಬಾಗಿ ನುಡಿ ಹೇಳಿಕೊಟ್ಟಳು. “ಸೀರಿ ತಂದಿದ್ದು ಹಾಡ ಯಲ್ಲಕ್ಕಾ.”

“ಸೀರಿ ನಮ್ಮಣ್ಣ ಉಡಸ್ತಾನ,” ಎಂದಳು ಯಲ್ಲಕ್ಕ ಸಣ್ಣ ದನಿಯಲ್ಲಿ. “ಇವರು ಒಮ್ಮೆ ಶಾಲ ತಂದಿದ್ರು. ತಮಗ.”

“ಮಾಯಾ ಹುಟ್ಟಿದಾಗ ತೊಟ್ಲಾ...”

“ತೊಟ್ಲಾ ನಮ್ಮಪ್ಪ ತಂದಿದ್ದು. ಇವರು ಅವತ್ತ ಗೋಕಾಕಕ್ಕ ಸಿನಿಮಾ ನೋಡಾಕ ಹೋಗಿದ್ರು.”

“ಜಡ್ಡಾಗಿ ಮಲಗಿದಾಗ ಗಂಜಿ ಕಾಸಿ ಕೊಟ್ಟಿರಬೇಕು, ನೆನಸ್ಕೊ.”

“ನಾ ಜಡ್ಡಾಗಿ ಮಲಗೇ ಇಲ್ಲವ್ವಾ. ಮಲಗಿದ್ರ ಎಮ್ಮಿ ಯಾರು ಹಿಂಡ್ತಿದ್ರು?”

ಭರಮವ್ವ ಕಣ್ಣು ತೆರೆದಳು. ಇದು ನಾಟಕ ಎಂಬುದು ಅವಳಿಗೆ ಮರೆತೇ ಹೋಗಿತ್ತೋ ಏನೋ. “ಒಂದರ ಇರ್ತೈತಿ ಮಗಳ. ಯಾವ ಗಂಡಸೂ ಅಷ್ಟು ಖಾಲಿ ಇರೂದಿಲ್ಲ. ಹುಡುಕು.”

ಯಲ್ಲಕ್ಕ ಹುಡುಕಿದಳು. ಹುಬ್ಬು ಗಂಟಿಕ್ಕಿ, ಕೈಯಲ್ಲಿನ ಹಗ್ಗವನ್ನು ಬೆರಳಿಗೆ ಸುತ್ತುತ್ತ, ನಿಜವಾಗಿಯೂ ಹುಡುಕಿದಳು. ಹಿತ್ತಲಲ್ಲಿ ಎಮ್ಮೆ ಒಮ್ಮೆ ಒದರಿ ಸುಮ್ಮನಾಯಿತು.

ಮುಚ್ಚಿದ ಕಣ್ಣೊಳಗೆ ಶಿದ್ರಾಮನೂ ಹುಡುಕತೊಡಗಿದ. ಹೇಳಿಕೊಡಲು ಬಾಯಿಲ್ಲ, ಆದರೂ ಒಂದು ಸಿಕ್ಕರೆ ಸಾಕಾಗಿತ್ತು. ಒಮ್ಮೆ ಗೋಕಾಕದಿಂದ ಅವಳಿಗೆಂದು ಕರದಂಟು ಕೊಂಡಿದ್ದ. ಬಸ್ಸಿನಲ್ಲಿ ಬರುವಾಗ ತಾನೇ ತಿಂದಿದ್ದ. ಒಮ್ಮೆ ಮಳೆಯಲ್ಲಿ ಕೊಡೆ ಹಿಡಿದುಕೊಂಡು ಹೊಲಕ್ಕೆ ಹೋಗಿದ್ದ. ಊಟ ಇನ್ನೂ ಯಾಕೆ ಆಗಿಲ್ಲ ಎಂದು ಕೇಳಲು. ಮುಂದೆ ಹುಡುಕಲು ಅವನಿಗೆ ಧೈರ್ಯವಾಗಲಿಲ್ಲ. ಓಣಿಯ ನಗೆಗೆ ಹೆದರಿ ಕಣ್ಣು ಮುಚ್ಚಿದ್ದವನಿಗೆ ಈಗ ಇವಳೊಬ್ಬಳ ಮುಂದೆ ಕಣ್ಣು ತೆರೆಯುವುದಕ್ಕೇ ನಾಚಿಕೆಯಾಯಿತು. ಅಂಥ ನಾಚಿಕೆ ಅವನಿಗೆ ಹಿಂದೆ ಆಗಿದ್ದಿಲ್ಲ.

ಆಗ ಯಲ್ಲಕ್ಕ ಅತ್ತಳು.

“ಅಳಬೇಕಂತ ಓಡಿ ಬಂದೆನೋ ನನ ರಾಜಾ,
ಅಳಾಕ ಒಂದು ನೆಪ ಇಟ್ಟಿಲ್ಲೋ...
ಮಂದಿಗೆ ಮಾತ ಕೊಟ್ಟಿ, ಮನಿಗೆ ಬೆನ್ನ ಕೊಟ್ಟಿ,
ಯಾವ ನುಡಿ ಹಿಡದು ಅಳಲೋ...
ಸತ್ತವರ ಹೆಂಡರೆಲ್ಲ ಅತ್ತು ಹಗುರಾದ್ರೋ,
ನಾ ಅಳದ ಹೆಂಗ ಇರಲೋ...”

ಸೊಲ್ಲು ಕೂಡಿಸಬೇಕಾದ ಭರಮವ್ವ ಸೆರಗು ಬಾಯಿಗೆ ಒತ್ತಿಕೊಂಡಳು.

ಅದೇ ಹೊತ್ತಿಗೆ ಹೊಳೆಪ್ಪ ಹಾರ ಹಾಕಲು ಹೆಣದ ಹತ್ತಿರ ಬಾಗಿದ್ದ. ಭಂಡಾರದ ಹಳದಿಯನ್ನು ಕೊಯ್ದುಕೊಂಡು ಎರಡು ಹನಿ ಹೆಣದ ಕೆನ್ನೆಯ ಮೇಲೆ ಇಳಿಯುವುದನ್ನು ಕಂಡ. “ಹೆಣ ಅಳಾಕತ್ತೈತ್ರೋ!” ಎಂದು ಒದರಿ, ಹಾರವನ್ನು ತನ್ನ ಕೊರಳಿಗೇ ಸಿಕ್ಕಿಸಿಕೊಂಡು ಕಟ್ಟೆ ಹಾರಿ ಓಡಿದ. ಅವನ ಹಿಂದೆ ಇಡೀ ಓಣಿ ಓಡಿತು. ಗೌರವ್ವ ಓಡಿದಾಗ ಹೆಡ್‌ಫೋನೂ ಸ್ವಲ್ಪ ದೂರ ಓಡಿತು.

ಯಲ್ಲಕ್ಕ ಓಡಲಿಲ್ಲ. ಗಂಡನ ಮುಖವನ್ನು ಹತ್ತಿರದಿಂದ ನೋಡಿದಳು, ಮೂಗಿನ ಕೆಳಗೆ ಬೆರಳಿಟ್ಟು ನೋಡಿದಳು. ನೆತ್ತಿಯ ಗಂಟು ಬಿಚ್ಚಿದಳು, ಹೆಬ್ಬೆರಳಿನ ದಾರ ಹರಿದಳು.

“ಯಲ್ಲಿ, ನಾ ಸತ್ತಿಲ್ಲ,” ಎಂದ ಶಿದ್ರಾಮ.

“ಗೊತ್ತಾತು,” ಎಂದಳು. “ಸತ್ತವರು ಮನಿ ಮಂದೀನ್ನ ಹಿಂಗ ಓಡಾಡಸೂದಿಲ್ಲ.” ಮುಖ ಒರೆಸಿಕೊಂಡು ಎದ್ದಳು. “ಉಂಡೀರೇನು?”

ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

ಉಳಿದವರು ಬೈಯುವುದರಲ್ಲಿ ಕಡಿಮೆ ಮಾಡಲಿಲ್ಲ. ಗೌರವ್ವ ಬಾಗಿಲಿಂದ ಇಣುಕಿ, ಹೆಣ ಕುಳಿತು ನೀರು ಕುಡಿಯುವುದನ್ನು ಖಾತ್ರಿ ಮಾಡಿಕೊಂಡು, “ಇಸ್ತ್ರಿ ಪೆಟ್ಟಿಗಿ ಎಲ್ಲೈತಿ?” ಎಂದಳು. ಮಾಲಿಂಗನಿಗೆ ಅಳುವೇ ಬಂತು. “ನಾ ಈಗ ಹುಕ್ಕೇರಿ ಮಂದಿಗೆ ಏನಂತ ಹೇಳ್ಲಿ? ಅವರು ಬಸ್ ಹತ್ಯಾರ. ಇಷ್ಟೆಲ್ಲಾ ಫೋನ್ ಮಾಡೇನಿ, ನನ್ನ ಮಾತಿಗೆ ಏನ ಕಿಮ್ಮತ್ತ ಉಳೀತು?” ಕಾಲೇಜಿನವರು ಕೊಟ್ಟ ರಜೆಯನ್ನು ಹಿಂದೆ ಪಡೆಯಲು ಬರುವುದಿಲ್ಲವೆಂದು ಖಡಕ್ಕಾಗಿ ತಿಳಿಸಿದರು. ಹೊಳೆಪ್ಪ ಮಾತ್ರ ಎಂಟು ದಿನ ಆ ಓಣಿಗೆ ಬರಲಿಲ್ಲ.

ಎಲ್ಲರೂ ಹೋದ ಮೇಲೆ ಶಿದ್ರಾಮ ಆಮ್ರಪಾಲಿಯವರ ಹತ್ತಿರ ಬಂದು ದನಿ ತಗ್ಗಿಸಿದ. “ಮೇಡಮ್ಮರ, ಆ ಕಡೀ ಹಾಡ ಅಳಿಸಿಬಿಡ್ರಿ. ನಮ್ಮ ಮನಿಯಾಕಿದು. ನಾ ಒಪ್ಪೂದಿಲ್ಲ.”

“ಹಾಡು ಹಾಡಿದವರದ್ದು ಇರ್ತೈತ್ರಿ. ಕೇಳಬೇಕಾಗಿದ್ದು ಅವರನ್ನ,” ಎಂದರು ಆಮ್ರಪಾಲಿ. ಅವರ ಮುಖ ಬಾಡಿಹೋಗಿತ್ತು. “ನಿಮ್ಮ ಮಾರಿ ಬೇಕಾದ್ರ ಮಬ್ಬ ಮಾಡ್ತೇನಿ.” ಆಮೇಲೆ ಯಲ್ಲಕ್ಕನ ಹತ್ತಿರ ಕುಳಿತು, ತಪ್ಪು ತಮ್ಮದೂ ಇದೆ, ಕ್ಯಾಮೆರಾ ಹಚ್ಚಲೇಬಾರದಿತ್ತು, ಈಗಲೇ ಎಲ್ಲ ಅಳಿಸುತ್ತೇನೆ ಎಂದರು.

“ಒಮ್ಮೆ ಕೇಳಸ್ರಿ,” ಎಂದಳು ಯಲ್ಲಕ್ಕ.

ಸೆರಗಿನ ಮೇಲೆಯೇ ಹೆಡ್‌ಫೋನು ಇಟ್ಟುಕೊಂಡು ಕೇಳಿದಳು. ತನ್ನ ದನಿಯನ್ನು ಯಾರೋ ಬೇರೆಯವರ ದನಿ ಎಂಬಂತೆ ತಲೆ ಓರೆ ಮಾಡಿ ಕೇಳಿದಳು. ಶಿದ್ರಾಮ ಕಂಬದ ಹಿಂದೆ ನಿಂತಿದ್ದ.

“ಇದು ಇರ್ಲಿ,” ಎಂದಳು. “ನನ್ನ ಹೆಸರ ಹಾಕ್ರಿ.”

ಹುಕ್ಕೇರಿಯ ಸಭಾಭವನದಲ್ಲಿ ಯಲ್ಲಕ್ಕನಿಗೆ ವೇದಿಕೆಗೆ ಕರೆ ಬಂತು. ಶಿದ್ರಾಮ ಬರುವುದಿಲ್ಲವೆಂದಿದ್ದ, ಕೊನೆಗೆ ಅವಳ ಚೀಲ ಹಿಡಿದುಕೊಂಡು ಬಂದು ಹಿಂದಿನ ಸಾಲಿನಲ್ಲಿ ಕುಳಿತ. ಪರದೆಯ ಮೇಲೆ ಮಬ್ಬು ಮುಖದ ಒಬ್ಬ ಗಂಡಸು ಗೋಡೆಗೆ ಆತು ಕುಳಿತಿದ್ದ. ಎರಡು ಸಲ ನಿಂತ ಆ ದನಿ, ನಡುವಿನ ಮೌನ, ಆಮೇಲೆ ಆ ಹಾಡು. ಮುಗಿದಾಗ ಸಭೆಯಲ್ಲಿ ಕರವಸ್ತ್ರಗಳು ಹೊರಬಂದವು.

ಅಧ್ಯಕ್ಷತೆ ವಹಿಸಿದ್ದ ಹಿರಿಯರೊಬ್ಬರು ಕನ್ನಡಕ ಒರೆಸಿಕೊಂಡು ಮೈಕಿನ ಕಡೆ ಬಾಗಿದರು. “ತಾಯಿ, ಯಜಮಾನರು ಹೋಗಿ ಭಾಳ ವರ್ಷ ಆತೇನ್ರಿ?”

“ಇಲ್ರಿ, ಇನ್ನೂ ಅದಾರ,” ಎಂದಳು ಯಲ್ಲಕ್ಕ. “ಅಲ್ಲಿ, ಹಿಂದಿನ ಸಾಲಿನ್ಯಾಗ ಕುಂತಾರ ನೋಡ್ರಿ.”

“ಮತ್ತ... ಇದ್ದವರ ಮುಂದ ಯಾಕ ಅತ್ರಿ?”

“ಅವತ್ತ ನನಗ ಗೊತ್ತಿರಲಿಲ್ರಿ. ಈಗ ಗೊತ್ತೈತಿ, ಆದ್ರೂ ಇರ್ಲಿ ಅಂದೆ. ಅವರು ಖರೇನ ಹೋದ ದಿನ ಹಾಡಾಕ ನನಗ ಏನರ ಬೇಕಲ್ರಿ. ಅದನ್ನ ಅವರು ಇದ್ದಾಗನ ಮಾಡಬೇಕು.”

ಸಭೆಯ ತಲೆಗಳೆಲ್ಲ ಹಿಂದಕ್ಕೆ ತಿರುಗಿದವು. ಶಿದ್ರಾಮ ಎದ್ದು ನಿಂತು ಕೈ ಮುಗಿದ. ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾರೂ ನಗಲೂ ಇಲ್ಲ. ಯಾರಾದರೊಬ್ಬರು ಕುಳಿತುಕೊಳ್ಳಿ ಎಂದು ಹೇಳಬಹುದೆಂದು ಅವನು ನಿಂತೇ ಕಾಯ್ದ.